ಕಾರ್ಡ್ ಕೇಳಿದರೆ ಕಣ್ಣು ನೋಡಿದವರು

“ಎಡಗಣ್ಣು ಮುಚ್ಚು” ಎಂದರು.

“ನಾನು ಕಾರ್ಡ್ ತಕೊಳ್ಳಲಿಕ್ಕೆ ಬಂದದ್ದು” ಎಂದೆ.

“ಗೊತ್ತುಂಟು. ಮುಚ್ಚು.”

ಮುಚ್ಚಿದೆ. ಎದುರಿನ ಗೋಡೆಯಲ್ಲಿ ಅಕ್ಷರಗಳ ಒಂದು ಪೆಟ್ಟಿಗೆ ತೂಗುತ್ತಿತ್ತು. ಅದರ ಒಳಗೆ ಲೈಟು ಉರಿಯುತ್ತಿತ್ತು. ಮೇಲೆ ಒಂದು ದೊಡ್ಡ ‘ರ’. ಅದು ಕಂಡಿತು. ಅದರ ಕೆಳಗೆ ಏನೋ ಎರಡು ಇತ್ತು. ಅದರ ಕೆಳಗೆ ಇರುವೆ ಸಾಲು.

“ಓದು.”

“ರ.”

“ಮತ್ತೆ?”

“ಮತ್ತೆ ಗ್ರಾಫಿಕ್ಸ್ ಕಾರ್ಡ್ ಕೊಡಿ.”

ಅವರು ನಗಲಿಲ್ಲ. ಒಂದು ಚೀಟಿ ಎಳೆದುಕೊಂಡು “ನಂಬರ್ ಎಷ್ಟು?” ಎಂದು ಕೇಳಿದರು.

“ನಾಲ್ಕು ಕೆ.”

“ಅದು ಮಾನಿಟರಿನ ನಂಬರ್. ನಿನ್ನದು?”

ನಾನು ಮೊಬೈಲ್ ನಂಬರ್ ಹೇಳಿದೆ. ಅವರು ಹತ್ತೂ ಅಂಕೆ ಬರೆದುಕೊಂಡರು. ಬರೆದು ಮುಗಿದ ಮೇಲೆ ಪೆನ್ನು ಕೆಳಗಿಟ್ಟು, “ಕಣ್ಣಿನ ನಂಬರ್ ಕೇಳಿದ್ದು ಮೋನೇ” ಎಂದರು.

ನನಗೆ ಕಣ್ಣಿಗೆ ನಂಬರ್ ಇರುತ್ತದೆ ಎಂದೇ ಗೊತ್ತಿರಲಿಲ್ಲ.

ಇದು ಪುತ್ತೂರಿನ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಆಚೆ ಇದ್ದ ಒಂದು ಕೋಣೆಯ ಅಂಗಡಿ. ಅವರ ಹೆಸರು ಬರೆಯುವುದಿಲ್ಲ. ಅಂಗಡಿಯ ಬೋರ್ಡಿನಲ್ಲೂ ಅವರು ಹೆಸರು ಹಾಕಿರಲಿಲ್ಲ, ‘ಕನ್ನಡಕ ಮತ್ತು ಕಂಪ್ಯೂಟರ್’ ಎಂದು ಮಾತ್ರ ಇತ್ತು. ಎಲ್ಲರೂ ಕಾಕ ಎನ್ನುತ್ತಿದ್ದರು, ಅವರು ಸಣ್ಣವರನ್ನು ಮೋನೇ, ಎಂದರೆ ಮಗನೇ, ಎನ್ನುತ್ತಿದ್ದರು. ಬ್ಯಾರಿ ಮುಸ್ಲಿಮರು, ಬಿಳಿ ಗಡ್ಡ, ಹಣೆಯ ಮೇಲೆ ಯಾವಾಗಲೂ ಒಂದು ಕನ್ನಡಕ, ಮೂಗಿನ ಮೇಲೆ ಇನ್ನೊಂದು. ಈಗ ಅವರಿಲ್ಲ. ರಂಜಾನಿಗೆ ಹತ್ತು ದಿನ ಇರುವಾಗ ಹೋದರು.

ಮೊದಲು ಅದು ಬರೀ ಕನ್ನಡಕದ ಅಂಗಡಿ. ಗಲ್ಫಿನಲ್ಲಿ ತುಂಬಾ ವರ್ಷ ಲೆನ್ಸ್ ಅರೆದು ಬಂದವರು. ಅವರ ಹೆಂಡತಿಯ ತಮ್ಮ ಅಲ್ಲೇ ಅರ್ಧ ಕೋಣೆಯಲ್ಲಿ ಕಂಪ್ಯೂಟರಿನ ಸಾಮಾನು ಇಟ್ಟಿದ್ದ. ಅವನು ಸೌದಿಗೆ ಹೋದ. ಸಾಮಾನು ಉಳಿಯಿತು. ಕಾಕ ಪೆಟ್ಟಿಗೆ ಒಂದೊಂದೇ ಬಿಚ್ಚಿ, ಒಳಗಿದ್ದ ಕಾಗದ ಓದಿ, ಎಲ್ಲ ಕಲಿತರು. ಆದರೆ ಕಲಿತದ್ದು ಕನ್ನಡಕದವರ ತಲೆಯಲ್ಲಿ. ಕಾರ್ಡನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಅದರ ಮೇಲೆ ‘ಹಾ’ ಎಂದು ಉಸಿರು ಬಿಟ್ಟು ಹಳದಿ ಬಟ್ಟೆಯಲ್ಲಿ ಒರೆಸುತ್ತಿದ್ದರು. ಕಾರ್ಡಿಗೆ ಉಸಿರು ಬಿಡಬಾರದು ಎಂದು ಯಾರು ಹೇಳಿದರೂ ಕೇಳಲಿಲ್ಲ. ಚಹಾದ ಗ್ಲಾಸಿಗೂ ‘ಹಾ’ ಮಾಡಿ ಒರೆಸಿಯೇ ಕುಡಿಯುತ್ತಿದ್ದರು.

ನನ್ನ ವಿಷಯ ಇಷ್ಟು. ನನಗೆ ಕಡಬದಲ್ಲಿ ವೆಲ್ಡಿಂಗ್ ಅಂಗಡಿ ಉಂಟು. ಗೇಟು, ಗ್ರಿಲ್, ಶೀಟಿನ ಮಾಡು. ಮಂಗಳೂರಿನ ಒಬ್ಬ ವಿಡಿಯೋ ಎಡಿಟಿಂಗಿನವನಿಗೆ ಗೇಟು ಮಾಡಿಕೊಟ್ಟಾಗ ಅವನು ಅದರ ಬದಲಿಗೆ ಒಂದು ದೊಡ್ಡ ನಾಲ್ಕು ಕೆ ಮಾನಿಟರ್ ಕೊಟ್ಟ. ನನ್ನ ಹಳೇ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿ ಗೇಮ್ ಹಾಕಿದರೆ ಮದುವೆಯ ಆಲ್ಬಮ್ ತಿರುವಿದ ಹಾಗೆ ಒಂದೊಂದೇ ಚಿತ್ರ ಬರುತ್ತಿತ್ತು.

ಆಡುವುದು ನಾವು ನಾಲ್ಕು ಜನ. ಕೋವಿಯ ಆಟ. ಕ್ಯಾಪ್ಟನ್ ಲೋಕೇಶ, ಪೆರಾಬೆಯವ, ಕಡಬದಿಂದ ಜೀಪು ಓಡಿಸುತ್ತಾನೆ. ಆಟದಲ್ಲಿ ಮೊದಲು ಸಾಯುವವ ಯಾವಾಗಲೂ ನಾನು. ಲೋಕೇಶ ಕಿವಿಯ ಮೈಕಿನಲ್ಲಿ “ಬಲಕ್ಕೆ ನೋಡು, ಬಲಕ್ಕೆ ನೋಡು ಮಾರಾಯ” ಎಂದು ಬೊಬ್ಬೆ ಹೊಡೆಯುವಷ್ಟರಲ್ಲಿ ನಾನು ಸತ್ತಾಗಿರುತ್ತಿತ್ತು. ಯಾರು ಹೊಡೆದದ್ದು ಎಂದೂ ಗೊತ್ತಾಗುತ್ತಿರಲಿಲ್ಲ.

ಸುಳ್ಯದಲ್ಲಿ ಒಂದು ಹಾಲಿನಲ್ಲಿ ಪಂದ್ಯ ಎಂದು ಗೊತ್ತಾಯಿತು. ಅವರವರ ಕಂಪ್ಯೂಟರ್ ಅವರವರೇ ತರಬೇಕು. ಇನ್ನು ಎರಡು ವಾರ ಇತ್ತು. ಲೋಕೇಶ ಮುಖ ನೋಡಿಯೇ ಹೇಳಿದ: “ನಿನ್ನ ಕಾರ್ಡ್ ಬದಲಿಸು. ಇಲ್ಲದಿದ್ರೆ ನಿನ್ನನ್ನೇ ಬದಲಿಸ್ತೇನೆ. ಬೇಜಾರು ಮಾಡ್ಬೇಡ.”

ಬೇಜಾರಾಯಿತು. ಟೀಮ್ ಬಿಟ್ಟರೆ ನನಗೆ ಸಂಜೆ ಮಾತನಾಡಲಿಕ್ಕೆ ಬೇರೆ ಯಾರೂ ಇಲ್ಲ. ಮರುದಿನವೇ ಬೈಕಿನಲ್ಲಿ ಪುತ್ತೂರಿಗೆ ಹೋದದ್ದು ಅದಕ್ಕೆ.

ಕಾಕನ ಗಾಜಿನ ಕಪಾಟಿನಲ್ಲಿ ಕನ್ನಡಕದ ಫ್ರೇಮುಗಳ ನಡುವೆ ಒಂದು ಮೂರು ಫ್ಯಾನಿನ ಕಾರ್ಡ್ ಇತ್ತು. ಇಟ್ಟಿಗೆಯಷ್ಟು ದಪ್ಪ. ನನಗೆ ಅದು ಬೇಕಿತ್ತು.

“ಮಾನಿಟರಿನಿಂದ ಎಷ್ಟು ಗೇಣು ದೂರ ಕೂತ್ಕೊಳ್ತಿ?” ಎಂದು ಕೇಳಿದರು.

“ಒಂದು.”

“ಒಂದು ಗೇಣಾ? ಅದು ಆಡುದಾ, ಮುತ್ತು ಕೊಡುದಾ?”

“ಹಾಗೆ ಕೂತ್ರೇ ಕಾಣುದು.”

ಅವರು ಮೂಗಿನ ಕನ್ನಡಕವನ್ನು ಹಣೆಗೂ ಹಣೆಯದ್ದನ್ನು ಮೂಗಿಗೂ ಹಾಕಿಕೊಂಡು ನನ್ನನ್ನು ನೋಡಿದರು. “ಕಡಬದಿಂದ ಹೇಗೆ ಬಂದೆ?”

“ಬೈಕಿನಲ್ಲಿ.”

“ಎದುರಿನ ಗಾಡಿ ಕಾಣ್ತದಾ?”

“ಬಣ್ಣ ಕಾಣ್ತದೆ. ಕೆಂಪು ದೊಡ್ಡದು ಬಂದ್ರೆ ಬಸ್ಸು. ಕಪ್ಪು ಸಣ್ಣದು ಬಂದ್ರೆ ರಿಕ್ಷಾ, ಇಲ್ಲದಿದ್ರೆ ಎಮ್ಮೆ.”

“ಯಾ ಅಲ್ಲಾ!” ಎಂದು ಕೈ ಚಾಚಿದರು. “ಕೀ ಕೊಡು.”

ನಾನು ಯಾಕೆ ಕೊಟ್ಟೆ ಎಂದು ಈಗಲೂ ಗೊತ್ತಿಲ್ಲ. ಅದನ್ನು ಲೆನ್ಸಿನ ಡ್ರಾಯರಿಗೆ ಹಾಕಿ ಬೀಗ ಹಾಕಿದರು. ಕಾರ್ಡ್ ಕೇಳಲು ಹೋದವನು ಬೈಕನ್ನೂ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದೆ. ಯಾವ ಬಸ್ಸು ಕಡಬಕ್ಕೆ ಎಂದು ಮೂರು ಜನರ ಹತ್ತಿರ ಕೇಳಬೇಕಾಯಿತು.

ಕಾಕನಿಗೆ ಮಾರುವುದಕ್ಕಿಂತ ಮಾರದೆ ಇರುವುದರಲ್ಲೇ ಖುಷಿ ಜಾಸ್ತಿ. ಆ ಮೊದಲ ದಿನ ನಾನು ಕೂತಿದ್ದಾಗಲೇ ಸಂಪಾಜೆಯ ರಬ್ಬರ್ ತೋಟದ ಧಣಿಗಳೊಬ್ಬರು ಬಂದಿದ್ದರು. ನೆರೆಮನೆಯವರು ದೊಡ್ಡ ಕಾರ್ಡ್ ಹಾಕಿಸಿದ್ದಾರಂತೆ, ಇವರಿಗೆ ಅದಕ್ಕಿಂತ ದೊಡ್ಡದು ಬೇಕು.

“ಯಾವ ಗೇಮ್ ಆಡುದು?” ಕಾಕ ಕೇಳಿದರು.

“ಗೇಮ್ ಎಂತದು? ಹೆಂಡತಿ ಸೀರಿಯಲ್ ನೋಡ್ತಾಳೆ.”

“ಸೀರಿಯಲಿಗೆ ಇದು ಬೇಡ ಮಾರಾಯ್ರೆ. ಇದರ ಮೂರು ಫ್ಯಾನು ತಿರುಗಲಿಕ್ಕೆ ಸುರು ಮಾಡಿದ್ರೆ ಹೆಂಡತಿ ಮಾತಾಡಿದ್ದು ನಿಮಗೆ ಕೇಳುದಿಲ್ಲ.”

ಧಣಿಗಳು ಸ್ವಲ್ಪ ಆಲೋಚನೆ ಮಾಡಿದರು. “ಹಾಗಾದ್ರೆ ಎರಡು ಕೊಡಿ.”

ಕಾಕ ಕೊಡಲಿಲ್ಲ. ಅವರನ್ನೂ ಕುರ್ಚಿಯಲ್ಲಿ ಕೂರಿಸಿ ಕಣ್ಣು ನೋಡಿ, ಓದುವ ಕನ್ನಡಕ ಒಂದು ಕೊಟ್ಟು ಕಳಿಸಿದರು. ಧಣಿಗಳು ಹೊರಗೆ ಹೋಗಿ, ಕೈಯಲ್ಲಿದ್ದ ಕನ್ನಡಕ ನೋಡಿ, ಒಮ್ಮೆ ಹಿಂದೆ ತಿರುಗಿ ಅಂಗಡಿ ನೋಡಿ, ಕಾರು ಹತ್ತಿದರು.

ಎರಡನೇ ಸಲ ನಾನು ತಯಾರಾಗಿ ಹೋದೆ. ಮೊದಲ ದಿನ ಹೊರಡುವಾಗ, ಕಾಕ ಡ್ರಾಯರಿಗೆ ಬೀಗ ಹಾಕುತ್ತಿದ್ದ ಹೊತ್ತಿಗೆ, ಆ ಅಕ್ಷರದ ಪೆಟ್ಟಿಗೆಯ ಫೋಟೋ ಮೊಬೈಲಿನಲ್ಲಿ ಹೊಡೆದಿದ್ದೆ. ಎರಡು ದಿನ ವೆಲ್ಡಿಂಗ್ ಮಾಡುತ್ತಾ ಬಾಯಿಪಾಠ ಮಾಡಿದೆ. ಶಾಲೆಯಲ್ಲಿ ಅಷ್ಟು ಓದಿರಲಿಲ್ಲ.

ಕುರ್ಚಿಯಲ್ಲಿ ಕೂತವನೇ ಎಡಗಣ್ಣು ಮುಚ್ಚಿ, ಅವರು ಕೇಳುವ ಮೊದಲೇ ಮೇಲಿನಿಂದ ಕೆಳಗಿನವರೆಗೆ ಗಡಗಡ ಹೇಳಿದೆ. ಕೊನೆಯ ಸಾಲಿನ ಕೆಳಗೆ ಸಣ್ಣದಾಗಿ ಪ್ರೆಸ್ಸಿನ ಹೆಸರು ಇತ್ತು, ಅದನ್ನೂ ಹೇಳಿಬಿಟ್ಟೆ.

“ಭೇಷ್” ಎಂದರು ಕಾಕ. “ಹದ್ದಿಗೂ ಇಷ್ಟು ಕಾಣ್ಲಿಕ್ಕಿಲ್ಲ.”

“ಹಾಗಾದ್ರೆ ಆ ಮೂರು ಫ್ಯಾನಿನದ್ದು ಕೊಡಿ.”

“ಕೊಡುವ. ಆದ್ರೆ ನಾನಿನ್ನೂ ಲೈಟೇ ಹಾಕಲಿಲ್ಲ ಮಾರಾಯ.”

ಅವರು ಒಳಗೆ ಹೋಗಿ ಧೂಳು ಹಿಡಿದ ಒಂದು ಚಾರ್ಟ್ ತಂದರು. ಕಾಸರಗೋಡಿನಲ್ಲಿ ಕೆಲಸಕ್ಕಿದ್ದಾಗಿನದ್ದು. ಪೂರಾ ಮಲಯಾಳ.

“ನನಗೆ ಮಲಯಾಳ ಓದ್ಲಿಕ್ಕೆ ಬರುದಿಲ್ಲ” ಎಂದೆ.

“ಓದುದು ಬೇಡ. ಯಾವುದರ ಹಾಗೆ ಕಾಣ್ತದೆ ಅಂತ ಹೇಳು.”

“ಅದು... ಕುದುರೆ ಲಾಳ.”

“ಸರಿ. ಅದರ ಕೆಳಗೆ?”

“ಬಳೆ.”

“ಸರಿ. ಅದರ ಪಕ್ಕದ್ದು?”

“ಗೇಟಿನ ಚಿಲಕ.”

“ಯಾವ ನಮೂನೆಯ ಚಿಲಕ?”

“ಮಡಚುವಂಥದ್ದು. ಎರಡೂ ಬದಿಯಲ್ಲಿ ಸುರುಳಿ.”

“ಹೂಂ. ಅದರ ಕೆಳಗೆ?”

“ಜಿಲೇಬಿ.”

“ಎಷ್ಟು?”

“ನಾಲ್ಕು.”

“ಅಲ್ಲಿ ಇರುದು ಐದು. ಒಂದು ನೀನು ತಿಂದದ್ದಾ?” ಎಂದರು. “ಅದರ ಕೆಳಗೆ?”

“ಇದ್ದಿಲು ಚೆಲ್ಲಿದ ಹಾಗೆ ಉಂಟು.”

“ಅದರ ಕೆಳಗೆ?”

ನನಗೆ ಸಿಟ್ಟು ಬಂದಿತ್ತು. “ಅದು ಇಡ್ಲಿ” ಎಂದೆ.

“ಅದು ಗೋಡೆ” ಎಂದರು. “ಚಾರ್ಟ್ ಮುಗಿದು ಒಂದು ಗೇಣಾಯ್ತು.”

ನಾನು ಎದ್ದು ನಿಂತೆ. ಕಾರ್ಡ್ ಕೊಟ್ಟರೆ ಕೊಡಿ, ಇಲ್ಲದಿದ್ದರೆ ಮಂಗಳೂರಿಗೆ ಹೋಗುತ್ತೇನೆ, ಭಾನುವಾರ ಕಳೆದು ಮತ್ತೊಂದು ಭಾನುವಾರ ಸುಳ್ಯದಲ್ಲಿ ಪಂದ್ಯ, ಕಾರ್ಡ್ ಇಲ್ಲದಿದ್ದರೆ ನನ್ನನ್ನು ಟೀಮಿನಿಂದ ತೆಗೆಯುತ್ತಾರೆ ಎಂದು ಬೊಬ್ಬೆ ಹೊಡೆದೆ. ಕಾಕ ಹಳದಿ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಾ ಪೂರಾ ಕೇಳಿದರು.

“ಕೂತ್ಕೋ” ಎಂದರು. “ಮಾನಿಟರ್ ಅಂದ್ರೆ ಮದುವೆ ಹಾಲ್. ಚುಕ್ಕೆಗಳು ಊಟಕ್ಕೆ ಕೂತವರು. ಕಾರ್ಡ್ ಅಂದ್ರೆ ಬಿರಿಯಾನಿ ಬಡಿಸುವವ. ಸಾವಿರದ ಎಂಬತ್ತರ ಹಾಲಿನಲ್ಲಿ ಇಪ್ಪತ್ತು ಲಕ್ಷ ಜನ ಕೂತಿದ್ದಾರೆ. ನಿನ್ನ ನಾಲ್ಕು ಕೆ ಹಾಲಿನಲ್ಲಿ ಎಂಬತ್ತು ಲಕ್ಷ. ಒಂದು ಸೆಕೆಂಡಿನಲ್ಲಿ ಅರವತ್ತು ಸಲ ಎಲ್ಲರಿಗೂ ಬಡಿಸ್ಬೇಕು. ನಿನ್ನ ಹತ್ರ ಈಗ ಇರುವ ಬಡಿಸುವವ ಮುದುಕ. ಅವ ಈ ಬದಿಯಿಂದ ಆ ಬದಿಗೆ ಮುಟ್ಟುವಾಗ ಮದುಮಗನಿಗೆ ಮಕ್ಕಳಾಗ್ತದೆ.”

“ಹಾಗಾದ್ರೆ ಗಟ್ಟಿ ಬಡಿಸುವವನನ್ನು ಕೊಡಿ.”

“ಕೊಡ್ಬಹುದು. ತಿನ್ನುವವ ಯಾರು? ನಿನ್ನ ಕಣ್ಣು. ಅದಕ್ಕೆ ಹೊಟ್ಟೆ ಉಂಟಾ ಅಂತ ನೋಡ್ಬೇಕಲ್ಲ. ನೀನು ಒಂದು ಗೇಣು ದೂರದಲ್ಲಿ ಕೂತು ಅಷ್ಟು ದೊಡ್ಡ ಹಾಲಿನಲ್ಲಿ ಒಂದೇ ಎಲೆ ನೋಡ್ತಾ ಇದ್ದೀ. ಮೂಲೆಯಲ್ಲಿ ಕೋವಿ ಹಿಡಿದು ಬಂದವ ನಿನಗೆ ಹೇಗೆ ಕಾಣುದು?”

ಲೋಕೇಶ ಬಲಕ್ಕೆ ನೋಡು ಎಂದು ಬೊಬ್ಬೆ ಹೊಡೆಯುವುದನ್ನು ನಾನು ಅವರಿಗೆ ಹೇಳಿರಲಿಲ್ಲ. ನಾನು ಪುನಃ ಕುರ್ಚಿಯಲ್ಲಿ ಕೂತೆ.

ಅವರು ಕಬ್ಬಿಣದ ಒಂದು ಚೌಕಟ್ಟು ತಂದು ನನ್ನ ಮೂಗಿನ ಮೇಲೆ ಇಟ್ಟರು. ಲೆನ್ಸ್ ಹಾಕಿ ತೆಗೆದು ನೋಡುವ ಚೌಕಟ್ಟು ಅದು, ಎತ್ತಿಗೆ ಮೂಗುದಾರ ಹಾಕಿದಷ್ಟು ಭಾರ. ಒಂದೊಂದೇ ಗಾಜು ಸಿಕ್ಕಿಸಿದರು. ಈಗ? ಈಗ? ಇದು ಚಂದವಾ, ಅದು ಚಂದವಾ? ಕೊನೆಗೆ ನನ್ನ ಕೈ ಹಿಡಿದು ಅಂಗಡಿಯ ಬಾಗಿಲಿಗೆ ಕರೆದುಕೊಂಡು ಹೋದರು.

ರಸ್ತೆಯ ಆಚೆ ಒಂದು ಹಳೇ ಗೋಡೆ. ಆಳೆತ್ತರಕ್ಕಿಂತ ಮೇಲೆ ಕೆಂಪು ಬಣ್ಣದಲ್ಲಿ ಏನೋ ಬರೆದಿತ್ತು.

“ಓದು” ಎಂದರು.

“ಇಲ್ಲಿ ಮೂತ್ರ ಮಾಡಬಾರದು.”

ನಾನು ಇನ್ನೊಮ್ಮೆ ಓದಿದೆ. “ಕಾಕ, ನಾನು ಪುತ್ತೂರಿಗೆ ಬಂದಾಗೆಲ್ಲ ಅಲ್ಲೇ...”

“ಗೊತ್ತುಂಟು. ಎರಡು ವರ್ಷದಿಂದ ನೋಡ್ತಾ ಇದ್ದೇನೆ. ನಾಚಿಕೆ ಇಲ್ಲದವ ಅಂತ ಗ್ರಹಿಸಿದ್ದೆ. ಕಣ್ಣು ಕಾಣದವ ಅಂತ ಗೊತ್ತಿರಲಿಲ್ಲ.”

ಒಳಗೆ ಬಂದು ಚೀಟಿ ಬರೆಯುತ್ತಾ, “ಎಷ್ಟು ಕಲಿತದ್ದು?” ಎಂದು ಕೇಳಿದರು.

“ಏಳು.”

“ಯಾಕೆ ಬಿಟ್ಟೆ?”

“ತಲೆಗೆ ಹೋಗುದಿಲ್ಲ ಅಂತ ಮಾಷ್ಟ್ರು ಹೇಳಿದ್ರು.”

“ಯಾವ ಬೆಂಚು?”

“ಕೊನೇದು. ನಾನು ಉದ್ದ ಇದ್ದೆ.”

ಕಾಕನ ಪೆನ್ನು ನಿಂತಿತು. ಮೂಗಿನಿಂದ ಕನ್ನಡಕ ತೆಗೆದು ‘ಹಾ’ ಎಂದು ಉಸಿರು ಬಿಟ್ಟು ಒರೆಸಿದರು. ತುಂಬಾ ಹೊತ್ತು ಒರೆಸಿದರು. ಹಣೆಯಲ್ಲಿದ್ದದ್ದನ್ನೂ ತೆಗೆದು ಒರೆಸಿದರು. ಆಮೇಲೆ ಚೀಟಿ ಕೊಟ್ಟರು. ಅದರಲ್ಲಿ ಬಲಗಣ್ಣು ಮೈನಸ್ ಮೂರೂವರೆ, ಎಡಗಣ್ಣು ಮೈನಸ್ ನಾಲ್ಕು, ಗೇಣು ಮೂರು, ಕಾರ್ಡ್ ಎರಡು ಫ್ಯಾನಿನದ್ದು ಎಂದಿತ್ತು.

“ಮೂರು ಫ್ಯಾನಿನದ್ದು ಬೇಡವಾ?”

“ಮೂರು ಗೇಣು ದೂರ ಕೂತವನಿಗೆ ಎಂತಕೆ? ಮಾನಿಟರ್ ನಾಲ್ಕು ಕೆ ಇರಲಿ. ಗೇಮಿನಲ್ಲಿ ಸಾವಿರದ ಎಂಬತ್ತು ಇಡು. ನಾಲ್ಕು ಚುಕ್ಕೆ ಸೇರಿ ಒಂದು ಚುಕ್ಕೆ ಆಗ್ತದೆ, ಲೆಕ್ಕ ಸರಿಯಾಗಿ ಕೂತ್ಕೊಳ್ತದೆ. ನಡುವಿನದ್ದು ಇಡ್ಬೇಡ, ಮಸುಕಾಗ್ತದೆ. ಎರಡು ಫ್ಯಾನು ಧಾರಾಳ ಸಾಕು.”

ಕನ್ನಡಕದ ಲೆನ್ಸನ್ನು ಅಲ್ಲೇ ಅರೆದು ಕೊಟ್ಟರು. ಕಾರ್ಡ್ ಕೊಟ್ಟರು. ಬೈಕಿನ ಕೀ ಕೊಟ್ಟರು. ಪುತ್ತೂರಿನಿಂದ ಕಡಬದವರೆಗೆ ನಾನು ಅಷ್ಟು ನಿಧಾನ ಯಾವತ್ತೂ ಹೋಗಿರಲಿಲ್ಲ. ಮೊದಲು ಹೆದರಿಕೆ ಇರಲಿಲ್ಲ. ಈಗ ಎದುರಿನಿಂದ ಬರುವ ಡ್ರೈವರುಗಳ ಮುಖ ಕಾಣುತ್ತಿತ್ತು.

ಪಂದ್ಯದ ಭಾನುವಾರ ಬೆಳಿಗ್ಗೆ ಲೋಕೇಶನ ಜೀಪಿನಲ್ಲಿ ನಾಲ್ಕು ಕಂಪ್ಯೂಟರ್ ಹೇರಿಕೊಂಡು ಸುಳ್ಯಕ್ಕೆ ಹೋದೆವು. ಲೋಕೇಶ ನನ್ನ ಕನ್ನಡಕ ನೋಡಿ, “ಕಾರ್ಡ್ ಹಾಕು ಅಂದ್ರೆ ಇದೆಂತದು ಹಾಕಿದ್ದು? ಮಾಷ್ಟ್ರ ಹಾಗೆ ಕಾಣ್ತಿ” ಎಂದ. “ಇವತ್ತು ಮೊದಲು ಸತ್ತರೆ ಇದೇ ಲಾಸ್ಟು, ಆಯ್ತಾ?”

ಹಾಲಿನಲ್ಲಿ ಕಾಕ ಮೊದಲೇ ಬಂದು ಕೂತಿದ್ದರು. ನಾನು ಕರೆದಿರಲಿಲ್ಲ. ಭಾನುವಾರ ಅಂಗಡಿಗೆ ರಜೆ, ಬಸ್ಸು ಹಿಡಿದು ಬಂದಿದ್ದರು. ಕೈಯಲ್ಲಿ ಚೀಲ. ನಾನು ಮಾನಿಟರ್ ಇಟ್ಟ ಕೂಡಲೇ ಬಂದು, ನನ್ನ ಹಣೆಯಿಂದ ಪರದೆಗೆ ಗೇಣು ಹಾಕಿ, ಕುರ್ಚಿಯನ್ನು ಹಿಂದಕ್ಕೆ ಎಳೆದರು. ಅಷ್ಟಕ್ಕೆ ಬಿಡಲಿಲ್ಲ. ಪಕ್ಕದವನಿಗೆ ಗೇಣು ಹಾಕಿದರು. ಅವನ ಪಕ್ಕದವನಿಗೂ ಹಾಕಿದರು. ಪಂದ್ಯ ನಡೆಸುವವರು ಓಡಿ ಬಂದು “ನೀವು ಯಾರು?” ಎಂದು ಕೇಳಿದರು. “ಕಣ್ಣಿನ ಕಡೆಯಿಂದ ಬಂದದ್ದು” ಎಂದರು. ಆರೋಗ್ಯ ಇಲಾಖೆಯವರು ಎಂದು ಗ್ರಹಿಸಿ ಅವರಿಗೆ ಕುರ್ಚಿ, ಚಹಾ, ಎರಡು ಬಿಸ್ಕೂಟು ಕೊಟ್ಟರು. ಕಾಕ ಗ್ಲಾಸಿಗೆ ‘ಹಾ’ ಮಾಡಿ ಒರೆಸಿ ಕುಡಿದರು.

ನಮಗೆ ಎದುರಾಳಿ ಸುಳ್ಯದ ಟೀಮು. ಮೂರು ಆಟದಲ್ಲಿ ಎರಡು ಗೆಲ್ಲಬೇಕು. ಮೊದಲನೆಯದರಲ್ಲಿ ನನಗೆ ಪರದೆಯ ನಾಲ್ಕು ಮೂಲೆಯೂ ಒಟ್ಟಿಗೆ ಕಂಡಿತು. ಚಿತ್ರ ನೀರಿನ ಹಾಗೆ ಹರಿಯಿತು. ಬಲಮೂಲೆಯಿಂದ ಒಬ್ಬ ಬಂದ, ಹೊಡೆದೆ. ಎಡಮೂಲೆಯಿಂದ ಇನ್ನೊಬ್ಬ, ಹೊಡೆದೆ. ಲೋಕೇಶ ಮೈಕಿನಲ್ಲಿ “ಬಲಕ್ಕೆ...” ಎಂದವನು ಮಾತು ಅರ್ಧಕ್ಕೆ ನಿಲ್ಲಿಸಿದ. ಗೆದ್ದೆವು.

ನಡುವೆ ಹತ್ತು ನಿಮಿಷ ಬಿಡುವು. ನಾವು ಸೋಡಾ ಕುಡಿದು ಬರುವಾಗ ಕಾಕ ಎದುರಿನ ಟೀಮಿನ ಒಬ್ಬನ ಪಕ್ಕ ನಿಂತಿದ್ದರು. ಸುಳ್ಯ ಕಡೆಯ ಅರೆಭಾಷೆ ಮಾತಾಡುವ ಹುಡುಗ, ಒಳ್ಳೆ ಆಟಗಾರ ಎಂದು ಹೆಸರು, ಆದರೆ ಅವತ್ತು ಮೊದಲು ಸತ್ತವ. ಅವನ ಮೂಗಿನ ಮೇಲೆ ಆ ಕಬ್ಬಿಣದ ಚೌಕಟ್ಟು ಇತ್ತು. ಕಾಕ ಚೀಲದಿಂದ ಗಾಜು ತೆಗೆದು ಸಿಕ್ಕಿಸುತ್ತಿದ್ದರು. “ಇದು ಚಂದವಾ, ಅದು ಚಂದವಾ?”

ಲೋಕೇಶ ಅಲ್ಲೇ ನಿಂತ. “ಯಾರು ಮಾರಾಯ ಈ ಕಾಕ?”

“ನನ್ನ ಕಾರ್ಡಿನವರು.”

“ನಮ್ಮ ಕಡೆಯವರಾ?”

ನಾನು ಹೋಗಿ ನನ್ನ ಮಾನಿಟರಿನ ಎದುರು ಕೂತೆ.

ಹುಡುಗ ಚೌಕಟ್ಟು ತೆಗೆಯಲಿಲ್ಲ. ತಲೆಗೆ ಒಂದು ದಾರ ಕಟ್ಟಿಸಿಕೊಂಡು ಹಾಗೆಯೇ ಆಡಲಿಕ್ಕೆ ಕೂತ. ಎರಡನೇ ಆಟದಲ್ಲಿ ಅವನೊಬ್ಬನೇ ನಮ್ಮ ಮೂರು ಜನರನ್ನು ಹೊಡೆದ. ಮೂರನೆಯದರಲ್ಲಿ ನಾಲ್ಕೂ ಜನರನ್ನು ಹೊಡೆದ. ಹೊಡೆಯುವಾಗ ಅವನ ಭಾಷೆಯಲ್ಲಿ ಏನೋ ಕಿರುಚುತ್ತಿದ್ದ. ನನಗೆ ಅರ್ಥವಾದದ್ದು ಇಷ್ಟು, ಎಲ್ಲ ಕಾಣುತ್ತದೆ, ಎಲ್ಲ ಕಾಣುತ್ತದೆ. ನಾವು ಸೋತೆವು. ಸುಳ್ಯದವರು ಕಾಕನನ್ನು ಎತ್ತಿಕೊಂಡರು.

ಕೆಳಗೆ ಇಳಿಸಿದ ಮೇಲೆ ಲೋಕೇಶ ಅವರ ಎದುರು ಹೋಗಿ ನಿಂತ. “ಕಾಕ, ನೀವು ಯಾರ ಕಡೆ? ಒಂದು ಹೇಳಿ.”

“ಕಣ್ಣಿಗೆ ಎಂತ ಕಡೆ ಮಾರಾಯ?” ಎಂದರು ಕಾಕ. “ಆ ಹುಡುಗನಿಗೆ ಮೈನಸ್ ಎರಡು ಉಂಟು. ನೋಡಿ ಸುಮ್ಮನೆ ಕೂತ್ಕೊಳ್ಳುದಾ?” ಆಮೇಲೆ ಲೋಕೇಶನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, “ನೀನೂ ಒಮ್ಮೆ ಅಂಗಡಿಗೆ ಬಾ. ಜೀಪು ಓಡಿಸ್ತೀಯಲ್ಲ? ಬರುವಾಗ ಬಸ್ಸಿನಲ್ಲಿ ಬಾ” ಎಂದರು.

ವಾಪಸು ಬರುವಾಗ ಜೀಪಿನಲ್ಲಿ ನಾನು ಹಿಂದೆ ಮಾನಿಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಇದು ಲಾಸ್ಟು ಎಂದು ನನಗೆ ಗೊತ್ತಿತ್ತು. ಕೊನೆಯ ಆಟದಲ್ಲಿ ಮೊದಲು ಸತ್ತದ್ದು ನಾನೇ. ಕಡಬ ಬಂತು. ನನ್ನ ಅಂಗಡಿಯ ಎದುರು ಲೋಕೇಶ ಜೀಪು ನಿಲ್ಲಿಸಿದ.

“ಲಾಸ್ಟಿಗೆ ನಿನ್ನನ್ನು ಹೊಡೆದದ್ದು ಯಾರು?” ಎಂದು ಕೇಳಿದ.

“ಆ ಚೌಕಟ್ಟಿನವ. ಬಲಮೂಲೆಯಿಂದ ಬಂದ. ಗೋಡೆಯ ಹಿಂದೆ ಕೂತು ಕೋವಿ ಎತ್ತಿದ್ದು ಕಂಡಿತು. ನಾನು ಎತ್ತುವ ಮೊದಲು ಹೊಡೆದ.”

“ಕಂಡಿತಾ?”

“ಪೂರಾ ಕಂಡಿತು.”

ಲೋಕೇಶ ಇಳಿದು ಬಂದು ನನ್ನ ಮಾನಿಟರನ್ನು ಕೆಳಗೆ ಇಳಿಸಿದ. “ಹಾಗಾದ್ರೆ ನಾಳೆ ಸಂಜೆ ಆನ್‌ಲೈನ್ ಬಾ” ಎಂದ.

ಕಾಕ ತೀರಿಹೋದದ್ದು ಅದಾಗಿ ತುಂಬಾ ಸಮಯದ ನಂತರ. ಆ ದಿನದ್ದು ನಾನು ಬರೆಯುವುದಿಲ್ಲ. ನನ್ನ ಹತ್ತಿರ ಇದ್ದ ಮಾತು ಇಷ್ಟೇ, ಮುಗಿಯಿತು.